ಗುಂಡನ ತೋಳಿನ ಅಳತೆ

ಅಕ್ಕ ದರ್ಜಿ, ಭಾವ ಪಶುವೈದ್ಯ. ಅಕ್ಕನ ಅಂಗಡಿ ಬೀದಿಯ ಈ ತುದಿಯಲ್ಲಿ, ಭಾವನ ಕ್ಲಿನಿಕ್ಕು ಆ ತುದಿಯಲ್ಲಿ. ಎರಡರ ವೆಬ್‌ಸೈಟೂ ಮನೆಯ ಮೆಟ್ಟಿಲ ಕೆಳಗಿನ ಒಂದೇ ಹಳೆಯ ಕಂಪ್ಯೂಟರಿನಲ್ಲಿ. ಅದನ್ನು ಸಾಕಿ ಸಲಹುತ್ತಿದ್ದವಳು ತಂಗಿ. ಅವಳ ಕಸುಬು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಸರ್ವರ್ ಕೆಲಸ ಖಯಾಲಿಗೆ ಕಲಿತದ್ದು.

ಇಷ್ಟು ದಿನ ಸೈಟಿನ ವಿಳಾಸದ ಕೊನೆಗೆ ಅಂಗಡಿಗಾದರೆ ಮೂರು ಸಾವಿರ, ಕ್ಲಿನಿಕ್ಕಿಗಾದರೆ ನಾಲ್ಕು ಸಾವಿರ ಎಂದು ಪೋರ್ಟ್ ನಂಬರು, ಅಂದರೆ ಕಂಪ್ಯೂಟರಿನೊಳಗಿನ ಕೋಣೆಯ ಸಂಖ್ಯೆ, ಸೇರಿಸಬೇಕಿತ್ತು. ಜನ ಮರೆಯುತ್ತಿದ್ದರು, ಭಾವ ಗೊಣಗುತ್ತಿದ್ದರು. ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ತಂಗಿ ರಿವರ್ಸ್ ಪ್ರಾಕ್ಸಿ ಹಾಕಲು ಕೂತಳು.

"ಹಾಗಂದ್ರೇನೇ?" ಅಕ್ಕ ಕೇಳಿದಳು.

"ಬಾಗಿಲಲ್ಲಿ ಒಬ್ಬನ್ನ ನಿಲ್ಲಿಸ್ತೀನಿ ಅಂತ ಇಟ್ಕೋ. ಬಂದೋರು ಯಾರ ಹೆಸರು ಹೇಳ್ತಾರೋ ಅವರ ಕೋಣೆಗೆ ಕರ್ಕೊಂಡು ಹೋಗ್ತಾನೆ. ನಂಬರು ಅವನಿಗೆ ಗೊತ್ತಿದ್ರೆ ಸಾಕು."

"ಸಂಬಳ?"

"ಇಲ್ಲ."

"ಹಾಗಾದ್ರೆ ಇಬ್ಬರನ್ನ ನಿಲ್ಲಿಸು!"

ತಂಗಿ ಅಂಗಡಿಯ ಹೆಸರಿಗೆ ಐದಾರು ಸಾಲು ಬರೆದು ತೆರೆದು ನೋಡಿದಳು. ಬಂತು. ಅವೇ ಸಾಲುಗಳನ್ನು ನಕಲು ಮಾಡಿ ಕೆಳಗೆ ಅಂಟಿಸಿ, ಕ್ಲಿನಿಕ್ಕಿನ ಹೆಸರು ಹಾಕಿದಳು. ಸರ್ವರ್ ಚಕಾರ ಎತ್ತಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡು ಎದ್ದಳು.

ಸೋಮವಾರ ಬೆಳಿಗ್ಗೆ ಭಾವ ನೊಣ ಹೊಡೆಯುತ್ತ ಕೂತರು. ಒಂದು ಬುಕಿಂಗೂ ಇಲ್ಲ. ಅಕ್ಕನಿಗೋ ಆರ್ಡರಿನ ಮೇಲೆ ಆರ್ಡರು. ಹನ್ನೊಂದಕ್ಕೆ ಅವಳು ಮುದ್ರಣಾಲಯಕ್ಕೆ ಫೋನು ಮಾಡಿದಳು.

"ಇಲ್ಲೊಬ್ಬರು ಅಜ್ಜಿ ಬಂದಿದಾರೆ ಕಣೇ. ಅವರ ಆರ್ಡರು ಓದ್ತೀನಿ ಕೇಳು. ಹೆಸರು ಗುಂಡ. ಕುತ್ತಿಗೆ ಹದಿನಾರು ಇಂಚು, ಎದೆ ಇಪ್ಪತ್ತೆಂಟು. ತೋಳು, ನಾಲ್ಕೂ ಒಂದೇ ಉದ್ದ."

"ನಾಲ್ಕಾ?"

"ಗುಂಡ ನಾಯಿ! ನನ್ನ ಮೇಜಿನ ಮೇಲೆ ಕೂತಿದಾನೆ. ಚುಚ್ಚುಮದ್ದಿಗೆ ಅಳತೆ ಯಾಕೆ ಅಂತ ಅಜ್ಜಿಗೂ ಅನುಮಾನ ಬಂತಂತೆ. ಡಾಕ್ಟ್ರು ಏನೋ ಹೊಸ ಪದ್ಧತಿ ತಂದಿರ್ಬೇಕು ಅಂದ್ಕೊಂಡು ತುಂಬಿದ್ರಂತೆ. ಕೊನೇಲಿ ನಮ್ಮ ಅಂಗಡಿ ವಿಳಾಸ ತೋರಿಸ್ತು, ಬಂದೇಬಿಟ್ರು."

ತಂಗಿ ಮುಂದಿದ್ದ ಕರಡನ್ನು ಪಕ್ಕಕ್ಕೆ ಸರಿಸಿ, ಕೂತಲ್ಲಿಂದಲೇ ಮನೆಯ ಕಂಪ್ಯೂಟರಿಗೆ ಸಂಪರ್ಕ ಹಿಡಿದು, ಭಾನುವಾರ ಬರೆದ ಸಾಲುಗಳಿದ್ದ ಕಾನ್ಫಿಗ್ ಫೈಲು ತೆರೆದಳು. ಸಾಲು ಸಾಲಿಗೂ ಬೆರಳಿಟ್ಟು ಓದಿದಳು. ಅಂಗಡಿ, ಮೂರು ಸಾವಿರ. ಕ್ಲಿನಿಕ್ಕು, ಮೂರು ಸಾವಿರ.

ನಾಲಿಗೆ ಕಚ್ಚಿಕೊಂಡಳು. ಊರವರ ಅಲ್ಪವಿರಾಮ ಹೆಕ್ಕುವವಳು ತನ್ನದೇ ಅಂಕಿಯೊಂದನ್ನು ಬದಲಿಸದೆ ಬಿಟ್ಟಿದ್ದಳು! ಮೂರನ್ನು ನಾಲ್ಕು ಮಾಡಿ, ಈ ಸಲ ಎರಡೂ ಸೈಟುಗಳನ್ನು ತೆರೆದು ನೋಡಿದಳು.

"ಸರಿಹೋಯ್ತು ಕಣೇ. ನಂದೇ ತಪ್ಪು ಅಂತ ಹೇಳಿ ಅಜ್ಜೀನ ಭಾವನ ಹತ್ರ ಕಳ್ಸು."

"ಎಲ್ಲಿ ಹೋಗ್ತಾರೆ! ಹೇಗೂ ಅಳತೆ ಕೊಟ್ಟಾಯ್ತು, ಚಳಿಗೊಂದು ಕೋಟು ಹೊಲ್ಕೊಡಿ ಅಂತಿದಾರೆ."

ತಂಗಿ ನಕ್ಕ ನಗುವಿಗೆ ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ದಾರಿತಪ್ಪಿದ ಉಳಿದವರಿಗೆ ತಾನೇ ಫೋನು ಮಾಡಿ ಕ್ಷಮೆ ಕೇಳಿದಳು. ಅಜ್ಜಿಯಂತೂ ಹಸಿರು ಬಟ್ಟೆ ಆರಿಸಿಟ್ಟ ಮೇಲೆಯೇ ಚುಚ್ಚುಮದ್ದಿಗೆ ನಡೆದರು.

ಗುಂಡ ಹೊಸ ಕೋಟಿನಲ್ಲಿ ಬೀದಿ ಸುತ್ತಿದ್ದೇ ತಡ, ಐದು ಮಂದಿ ತಮ್ಮ ನಾಯಿಗಳ ಸಮೇತ ಅಕ್ಕನ ಅಂಗಡಿಗೆ ಬಂದರು. ಮುಂದಿನ ಭಾನುವಾರ ತಂಗಿ ನಾಯಿ ಕೋಟಿಗೆಂದೇ ಮೂರನೆಯ ಹೆಸರು ಸೇರಿಸಲು ಕೂತಳು. ಭಾವ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಪಕ್ಕದಲ್ಲೇ ಕೂತರು.

"ನೀನು ಟೈಪ್ ಮಾಡಮ್ಮ," ಎಂದರು. "ನಂಬರು ನಾನು ನೋಡ್ಕೋತೀನಿ."