ಐದನೆಯ ಕುರ್ಚಿಯ ಕೈ

ಅಕ್ಟೋಬರಿನ ಮೂರನೆಯ ವಾರ ಆರ್ಲೊ ನಮ್ಮ ಅಡುಗೆಮನೆಯ ಬಾಗಿಲು ತಟ್ಟಿದ. ಎದುರು ಮನೆಯವನು, ಮೂವತ್ತು ವರ್ಷಗಳ ಪರಿಚಯ. ಆದರೂ ಹೊಸಬನಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಕೋರಾ, ಪುರುಸೊತ್ತಿದ್ರೆ ಗ್ಯಾರೇಜಿಗೆ ಬರ್ತೀಯಾ? ಒಬ್ಬನ ಕೈಲಿ ಆಗೋ ಕೆಲಸ ಅಲ್ಲ."

ಏಪ್ರಿಲಿನಲ್ಲಿ ಅವನ ಹೆಂಡತಿ ವರ್ನಾ ತೀರಿಕೊಂಡಿದ್ದಳು. ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿಕೊಂಡು ಬರುವ ಹ್ಯಾಲೋವೀನ್ ರಾತ್ರಿ ಈ ಸಲ ಆ ಮನೆಯಲ್ಲಿ ಇರುವುದಿಲ್ಲವೆಂದು ಬೀದಿಯವರೆಲ್ಲ ಅಂದುಕೊಂಡಿದ್ದೆವು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆರ್ಲೊನ ಪಕ್ಕದ ಮನೆಯ ಡೊನೋವನ್ ಮಾತ್ರ ಯಾರಿಗೂ ಹೇಳದೆ ಅವನ ಅಂಗಳದ ಎಲೆಗಳನ್ನೂ ಗುಡಿಸಿಬಿಡುತ್ತಿದ್ದ.

ಗ್ಯಾರೇಜಿನಲ್ಲಿ ನಾಲ್ಕು ಮುದುಕಿಯರು ಕೂತಿದ್ದರು. ಪ್ಲಾಸ್ಟಿಕ್ ಪೈಪಿನ ಎಲುಬು, ತಂತಿ ಜಾಲರಿಯ ಎದೆ. ಪೈಪಿಗೆ ಬಿಸಿಗಾಳಿ ಊದಿ, ಮೆದುವಾದಾಗ ಮೊಣಕಾಲಿಗೆ ಒತ್ತಿ ಬಗ್ಗಿಸಿ, ಆರ್ಲೊ ಅವರಿಗೆ ಗೂನು ಬೆನ್ನು ಕೊಟ್ಟಿದ್ದ. ಪ್ರತಿ ವರ್ಷ ಅವರ ಜಗಲಿಯಲ್ಲಿ ಐದು ಕುರ್ಚಿ ಇರುತ್ತಿದ್ದವು. ನಾಲ್ಕರಲ್ಲಿ ಇವರು, ಐದನೆಯದರಲ್ಲಿ ವರ್ನಾ; ಅವಳ ಕುರ್ಚಿಯ ಜಾಗ ಮಾತ್ರ ಪ್ರತಿ ಸಲ ಬೇರೆ. ಎಲ್ಲರಿಗೂ ಒಂದೇ ಕರಿಬಟ್ಟೆ, ಒಂದೇ ಮುಸುಕು, ತೊಡೆಯ ಮೇಲೆ ಮಿಠಾಯಿ ಬಟ್ಟಲು. ಜೀವ ಇರುವುದು ಯಾರಿಗೆ ಎಂದು ಮಕ್ಕಳು ಕಂಡುಹಿಡಿಯಬೇಕು. ಕೈ ನೋಡಿ ಗುರುತಿಸುವ ಹಾಗಿರಲಿಲ್ಲ. ನಾಲ್ವರ ಕೈಗಳನ್ನೂ ವರ್ನಾಳ ಕೈಯಿಂದಲೇ ಅಚ್ಚು ತೆಗೆದು ಮಾಡಿದ್ದು. ಚಿಕ್ಕಂದಿನಲ್ಲಿ ಕಾರಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಎಡಗೈಯ ಕಿರುಬೆರಳು ಕೂಡ ಎಲ್ಲರಿಗೂ ಇತ್ತು.

"ಒಂದು ಸಲ ಕೈ ಹಿಡಿದಿದ್ದು ಸಾಲದು ಅಂತ ಇನ್ನೂ ನಾಲ್ಕು ಜೊತೆ ಮಾಡ್ಕೊಂಡಿದ್ದಾನೆ ನೋಡು, ಆಸೆಬುರುಕ," ಎಂದು ಅವಳು ನಗುತ್ತಿದ್ದಳು. ದೊಡ್ಡ ಮಕ್ಕಳು ಬಟ್ಟಲಿಗೆ ಕೈಹಾಕಿದರೆ ಗಪ್ಪನೆ ಮಣಿಕಟ್ಟು ಹಿಡಿಯುವಳು. ಹೆದರಿ ನಿಂತ ಪುಟ್ಟವರಿಗೆ ಮುಸುಕಿನೊಳಗಿಂದ, "ಎರಡು ತಗೋ ಕಂದ," ಎಂದು ಪಿಸುಗುಟ್ಟುವಳು.

ಆರ್ಲೊ ಒಂದು ಡಬ್ಬಿಯ ಮುಚ್ಚಳ ತೆಗೆದ. ಒಳಗಿದ್ದ ರಬ್ಬರ್ ಕೈಗಳೆಲ್ಲ ಕರಗಿ, ಒಂದಕ್ಕೊಂದು ಅಂಟಿ, ಮುದ್ದೆಯಾಗಿದ್ದವು.

"ಪ್ರತಿ ನವೆಂಬರಲ್ಲಿ ಪೌಡರ್ ಹಾಕಿ, ಪೇಪರ್ ಸುತ್ತಿ ಇಡ್ತಿದ್ಳು. ಹೋದ ವರ್ಷ ಆಸ್ಪತ್ರೆ ಓಡಾಟ. ನಾನು ಹಾಗೇ ತುಂಬಿಬಿಟ್ಟೆ."

"ಅಚ್ಚು?"

"ಎಡಗೈದು ಒಂದೇ ಉಳಿದಿರೋದು." ಹಳೆಯ ಸ್ವೆಟರಿನಲ್ಲಿ ಸುತ್ತಿದ್ದ ಪ್ಲಾಸ್ಟರ್ ಅಚ್ಚಿನ ಎರಡು ಹೋಳುಗಳನ್ನು ಬಿಚ್ಚಿ ತೋರಿಸಿದ. ಒಳಗಿನ ಗುಳಿಯಲ್ಲಿ ಅವಳ ಚರ್ಮದ ಗೆರೆಗಳು ಹಾಗೇ ಇದ್ದವು. "ಈ ಸಲ ರಬ್ಬರ್ ಬೇಡ ಕೋರಾ. ಒಣಗಿದ್ರೆ ಕಲ್ಲಿನ ಹಾಗೆ ಗಟ್ಟಿಯಾಗೋ ರಾಳ ಹುಯ್ತೀನಿ. ಅದು ಕರಗಲ್ಲ, ಕೊಳೆಯಲ್ಲ. ಒಂದು ಕೈ ಆದ್ರೂ ನನ್ನ ಹತ್ರ ಉಳಿಯುತ್ತೆ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಎರಡು ಹೋಳುಗಳನ್ನು ಜೋಡಿಸಿ ಬಿಗಿಯಾಗಿ ಹಿಡಿದೆ. ಅವನು ಬೆಲ್ಟು ಕಟ್ಟಿ, ರಾಳ ಕಲಸಿ, ಗುಳ್ಳೆ ಏಳದಂತೆ ನಿಧಾನವಾಗಿ ಹುಯ್ದ. ಬೆರಳತುದಿಗಳಿಗೆ ಇಳಿಯಲೆಂದು ಅಚ್ಚನ್ನು ಮೆಲ್ಲಗೆ ತಟ್ಟುತ್ತಿದ್ದ, ಮಗುವಿನ ಬೆನ್ನು ತಟ್ಟುವ ಹಾಗೆ.

ಮರುದಿನ ಬೆಳಿಗ್ಗೆ ಬೆಲ್ಟು ಬಿಚ್ಚಿದೆವು. ಅಚ್ಚು ಬಿಡಲಿಲ್ಲ. ಸಂದಿಗೆ ಚಾಕು ತೂರಿಸಿದ. ಆಗಲೂ ಬಿಡಲಿಲ್ಲ.

"ಆರ್ಲೊ, ಅಂಟದೇ ಇರೋಕೆ ಒಳಗಡೆ ವ್ಯಾಸಲೀನ್ ಹಚ್ಚಿದ್ಯಾ?"

ಅವನು ಚಾಕು ಕೆಳಗಿಟ್ಟ.

"ಅದು ಅವಳ ಕೆಲಸ ಆಗಿತ್ತು," ಎಂದ. "ಹಳೇ ಕೈ ಹರಿದು ಹೊಸದು ಮಾಡೋವಾಗೆಲ್ಲ ಅವಳು ಹಚ್ಚೋಳು, ನಾನು ಹುಯ್ಯೋನು. ಹದಿನೆಂಟು ವರ್ಷ. ನನ್ನ ಕೈಗೆ ಬರೋ ಹೊತ್ತಿಗೆ ಅಚ್ಚು ಹಚ್ಚೇ ಇರ್ತಿತ್ತು ಕೋರಾ."

ನಾನು ಇಪ್ಪತ್ತೇಳು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು. ಪ್ಲಾಸ್ಟರಿಗೆ ರಾಳ ಕಚ್ಚಿಕೊಳ್ಳುತ್ತದೆಂದು ನನಗೂ ಹೊಳೆಯಲಿಲ್ಲ. ಅದನ್ನು ಹೇಳಿದೆ.

"ಹಂಗಾದ್ರೆ ಇಬ್ಬರೂ ಫೇಲು ಬಿಡು," ಎಂದ. ನನಗೆ ಬೇಜಾರಾಗದಿರಲಿ ಎಂದು ಹಾಗೆ ಅಂದ.

"ಒಡೀಬೇಡ. ಹಾಗೇ ಇಟ್ಕೋ. ಒಳಗೆ ಪೂರ್ತಿ ಇರುತ್ತಲ್ಲ."

"ಕಾಣದೇ ಇರೋದನ್ನ ಇಟ್ಕೊಂಡು ಏನ್ ಮಾಡ್ಲಿ? ಸ್ಮಶಾನದಲ್ಲಿ ಇದೆಯಲ್ಲ ಒಂದು."

ಮೂರು ದಿನ ಸಣ್ಣ ಉಳಿಯಿಂದ ಕೆತ್ತಿದ. ನಾನು ಕಾಫಿ ಕೊಂಡುಹೋಗುತ್ತಿದ್ದೆ, ಅದು ಆರಿಹೋಗುತ್ತಿತ್ತು. ಎರಡನೆಯ ದಿನ ತೋರುಬೆರಳು ಮುರಿಯಿತು, ಮೂರನೆಯ ದಿನ ನಡುಬೆರಳು. ಹೆಬ್ಬೆರಳು, ಉಂಗುರದ ಬೆರಳು, ಸೊಟ್ಟ ಕಿರುಬೆರಳು ಉಳಿದವು. ಅಚ್ಚು ಪುಡಿಯಾಗಿತ್ತು, ಇನ್ನೊಂದು ಕೈ ಎಂದೂ ಆಗುವಂತಿರಲಿಲ್ಲ. ಆ ಪುಡಿಯನ್ನು ಕಸಕ್ಕೆ ಹಾಕದೆ ಬ್ರಷ್ಷಿನಿಂದ ಬಳಿದು ಕಾಫಿ ಡಬ್ಬಿಗೆ ತುಂಬಿದ. ನಾನು ಮುಚ್ಚಳ ಹಿಡಿದುಕೊಂಡು ನಿಂತಿದ್ದೆ.

ಹ್ಯಾಲೋವೀನಿನ ಸಂಜೆ ಆರು ಗಂಟೆಗೆ ಅವನ ಜಗಲಿಯ ದೀಪ ಹತ್ತಿತು. ಐದು ಕುರ್ಚಿ, ಐದು ಮುಸುಕು. ನಾಲ್ವರಿಗೆ ಹುಲ್ಲು ತುಂಬಿದ ತೋಟದ ಕೈಗವಸು. ಬೀದಿಯುದ್ದಕ್ಕೂ ಓಡುತ್ತ ಬಂದ ಮಕ್ಕಳು ಆ ಮನೆಯ ಗೇಟಿನ ಹತ್ತಿರ ನಡೆಯತೊಡಗಿದರು. ಅಪ್ಪಂದಿರು ಏನೋ ಪಿಸುಗುಟ್ಟಿದ್ದಿರಬೇಕು.

ಡೊನೋವನ್‌ನ ಒಂಬತ್ತು ವರ್ಷದ ಮಗಳು ಟೆಸ್ ಜೇನುಹುಳುವಿನ ವೇಷದಲ್ಲಿದ್ದಳು. ಅಲ್ಲಿ ನಡೆದದ್ದನ್ನು ಮರುದಿನ ಡೊನೋವನ್ ನನಗೆ ಹೇಳಿದ. ಒಂದೊಂದೇ ಕುರ್ಚಿಯ ಮುಂದೆ ಬಗ್ಗಿ ನೋಡಿದಳು. ಐದನೆಯದರ ಎಡ ತೋಳಿನಿಂದ ಮೂರು ಬೆರಳಿನ ಬೂದುಬಣ್ಣದ ಕೈ ಹೊರಗೆ ಚಾಚಿತ್ತು.

"ಅಪ್ಪಾ, ಇದು ಮಿಸೆಸ್ ವರ್ನಾ ಕೈ!" ಎಂದಳು. ಕಿರುಬೆರಳನ್ನು ಮುಟ್ಟಿದಳು. "ಬೆರಳು ಏನಾಯ್ತು?"

ಮುಸುಕಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. "ಎರಡು ತಗೋ ಕಂದ."

ಧ್ವನಿ ಒರಟಾಗಿತ್ತು, ಗಂಡಸಿನದು. ಟೆಸ್ ಒಂದು ಕ್ಷಣ ನಿಂತಳು. ಅವಳಿಗೆ ಗೊತ್ತಾಯಿತು. ಆದರೂ, "ಥ್ಯಾಂಕ್ಯೂ ಮಿಸೆಸ್ ವರ್ನಾ," ಎಂದೇ ಹೇಳಿ ಮೆಟ್ಟಿಲಿಳಿದಳು.

ಎಂಟಕ್ಕೆ, ಮಕ್ಕಳು ಮನೆಗೆ ಮರಳುವ ಹೊತ್ತಾಯಿತೆಂದು ಊರಿನ ಸೈರನ್ ಕೂಗಿತು. ಒಂದೊಂದೇ ಮನೆಯ ಜಗಲಿಯ ದೀಪ ಆರಿತು. ಅವನದು ಆರಲಿಲ್ಲ. ಸ್ವಲ್ಪ ಹೊತ್ತು ಕಾದು, ಸೂಪಿನ ಪಾತ್ರೆ ಹಿಡಿದು ರಸ್ತೆ ದಾಟಿದೆ.

ಐವರೂ ಅಲ್ಲಾಡದೆ ಕೂತಿದ್ದರು. ಯಾವುದಕ್ಕೆ ಜೀವ ಇದೆಯೆಂದು ಮಕ್ಕಳ ಹಾಗೆ ನಾನೂ ಹುಡುಕಬೇಕಾಯಿತು. ಕೊನೆಗೆ ಆ ಕೈ ಕಂಡಿತು. ಈಗ ಅದು ತೊಡೆಯ ಮೇಲಿತ್ತು, ಅದರ ಮೇಲೆ ಆರ್ಲೊನ ಬಲಗೈ ಇತ್ತು.

"ಒಳಗೆ ಬಾ ಆರ್ಲೊ. ಸೂಪು ಆರುತ್ತೆ."

"ಇನ್ನೂ ಸ್ವಲ್ಪ ಹೊತ್ತು ಕೋರಾ," ಎಂದಿತು ಮುಸುಕು. "ಎದ್ರೆ ಕುರ್ಚಿ ಖಾಲಿ ಆಗುತ್ತೆ."

ಪಾತ್ರೆಯನ್ನು ನನ್ನ ಶಾಲಿನಲ್ಲಿ ಸುತ್ತಿ, ಅವನ ಕಾಲ ಬಳಿ ಮೆಟ್ಟಿಲ ಮೇಲೆ ಕೂತೆ.