ಏಳನೆಯ ದಿನಕ್ಕೆ ಸಂಜೆ ಎಲ್ಲಿ

ಆರು ಜೊತೆ ಕರಿ ಬೂಟು, ಮೂತಿಗಳೆಲ್ಲ ಹೊರಕ್ಕೆ, ಬೋಕ್ಸುನಕ್ಕನದೇ ಕೆಲಸ, ಒಳಗೆ ಸಭೆ ಕೂತ ಚರ್ಚಿನ ಹಿರಿಯರು ಹೊರಡುವಾಗ ಸುಮ್ಮನೆ ಕಾಲು ತೂರಿಸಿದರಾಯಿತು ಅಂತ ಚರ್ಚಿನ ಅಡುಗೆಮನೆಯಿಂದ ಬಂದು ಒಂದೊಂದನ್ನೂ ತಿರುಗಿಸಿಟ್ಟಳು, ನನ್ನ ಕಡೆ ನೋಡಿ, ಏನೇ ಪ್ಯೋ ಟೀಚರು, ಹಲ್ಲು ಕೀಳಿಸ್ಕೊಳ್ಳೋಕೆ ಬಂದೋಳ ಹಾಗೆ ಕೂತಿದೀಯ, ಒಂದು ಬಟ್ಟಲು ಕಡಲಪಾಚಿ ಸಾರು ಕುಡಿ ಬಾ — ಅಯ್ಯೋ ಬೇಡ ಬೇಡ, ಇವತ್ತು ನಿನಗೆ ಪರೀಕ್ಷೆ ಅಲ್ವಾ, ಪರೀಕ್ಷೆ ದಿನ ಪಾಚಿ ಕುಡಿದೋರು ಜಾರಿಬೀಳ್ತಾರಂತೆ, ಜಾರಿಬಿಟ್ಟೀಯ, ಅಂತ ನಕ್ಕಳು, ನಾನೂ ನಕ್ಕೆ, ಆದರೆ ಬೆಳಿಗ್ಗೆಯೇ ಮರೆತು ಕುಡಿದುಬಿಟ್ಟಿದ್ದೇನೆ ಅಂತ ಹೇಳಲಿಲ್ಲ, ಹೊಟ್ಟೆಯೊಳಗೆ ಆ ಪಾಚಿ ಈಗಲೂ ನುಣುಪಾಗಿ ಜಾರುತ್ತಿದೆ.

ಕಳೆದ ಭಾನುವಾರ ಚರ್ಚಿನ ಪಾಠಕ್ಕೆ ಬಂದ ಮಕ್ಕಳಿಂದ ಬೈಬಲ್ಲಿನ ಸೃಷ್ಟಿಯ ಕಥೆಯನ್ನು ಚಪ್ಪಾಳೆ ಹೊಡೆಸುತ್ತ ಹೇಳಿಸಿದೆ, ಸಂಜೆಯಾಯಿತು ಬೆಳಗಾಯಿತು ಒಂದನೆಯ ದಿನ, ಸಂಜೆಯಾಯಿತು ಬೆಳಗಾಯಿತು ಎರಡನೆಯ ದಿನ, ನಮ್ಮ ವಾಂದೊ ದ್ವೀಪದ ಗಂಡಸರು ಬಲೆ ಎಳೆಯುವಾಗಿನ ಪಲ್ಲವಿಯಂತೆ, ಆರು ಸಲ ಬಂತು, ಏಳನೆಯ ದಿನಕ್ಕೆ ಬರಲೇ ಇಲ್ಲ, ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು, ಚರ್ಚಿನ ಹಿರಿಯರಲ್ಲೊಬ್ಬರಾದ ಮಾ ಅವರ ಮೊಮ್ಮಗಳು ಯೇರಿನ್ ಕೇಳಿದಳು, ಟೀಚರ್, ಏಳನೇ ದಿನಕ್ಕೆ ಸಂಜೆ ಎಲ್ಲಿ, ಹಾಳೆ ಕಿತ್ತೋಗಿದ್ಯಾ — ಹತ್ತೊಂಬತ್ತು ವರ್ಷ ಪಾಠ ಹೇಳಿದವಳು ನಾನೇ ಅದನ್ನು ಕಂಡಿರಲಿಲ್ಲ — ಕಿತ್ತಿಲ್ಲ ಪುಟ್ಟಿ, ಆ ದಿನ ಇನ್ನೂ ಮುಗಿದಿಲ್ಲವೇನೋ, ಇದು ಹಾಡಿನ ದಿನ, ಗಡಿಯಾರದ್ದಲ್ಲ, ಅಂದುಬಿಟ್ಟೆ. ಸೋಮವಾರ ಹಿರಿಯ ಮಾ ಅವರ ಫೋನು, ಟೀಚರಮ್ಮ, ದಿನ ಅಂದ್ರೆ ಇಪ್ಪತ್ನಾಲ್ಕು ಗಂಟೆ, ಹೌದೋ ಅಲ್ವೋ, ಭಾನುವಾರ ಊಟ ಆದ್ಮೇಲೆ ಬಂದು ಅಷ್ಟೇ ಹೇಳಿ, ಅಲ್ಲ ಅಂದ್ರೆ ಮಕ್ಕಳನ್ನ ಬೇರೆಯವರಿಗೆ ಒಪ್ಪಿಸ್ತೀವಿ. ಆಮೇಲೆ ದನಿ ತಗ್ಗಿಸಿ, ಕೋಪದಿಂದಲ್ಲ, ದಿನ ಅನ್ನೋದು ಹಾಡಾದ್ರೆ ಸತ್ತೋರು ಏಳ್ತಾರೆ ಅನ್ನೋದೂ ಹಾಡೇನಮ್ಮ, ನಿಮ್ಮ ದೊಕ್‌ಮಾನ್ ಗತಿ ಏನು. ಬೈದಿದ್ದರೆ ವಾಸಿಯಿತ್ತು. ಏಳು ವರ್ಷದ ಹಿಂದೆ ನನ್ನ ಗಂಡ ದೊಕ್‌ಮಾನ್‌ನ ದೋಣಿ ಮಗುಚಿದಾಗ ಮೂರು ದಿನ ಊಟ ಬಿಟ್ಟು ಸಮುದ್ರ ಜಾಲಾಡಿದ ಮನುಷ್ಯ ಅವರು, ಹೆಣವೂ ಸಿಗಲಿಲ್ಲ.

ಹೌದು ಅಂದುಬಿಡು, ಎರಡಕ್ಷರ, ಮಕ್ಕಳು ಉಳಿಯುತ್ತವೆ, ದೊಕ್‌ಮಾನ್ ಏಳುತ್ತಾನೆ — ಆದರೆ ದಿನವೆಂದರೆ ಇಪ್ಪತ್ನಾಲ್ಕು ಗಂಟೆಯಾದರೆ ಅವನು ಹೋದ ದಿನ ಮುಗಿದೇ ಹೋಯಿತು, ಎಂದೋ ಮುಗಿಯಿತು, ಹಾಗಾದರೆ ನನ್ನ ಮನೆ ಹೊಸ್ತಿಲ ಹತ್ತಿರದ ಅವನ ಹಳೆ ರಬ್ಬರ್ ಬೂಟು, ಹೋಗುವ ಹಿಂದಿನ ರಾತ್ರಿ ಮನೆಗೆ ಬಂದು ಕಳಚಿದ ಹಾಗೆಯೇ ಮೂತಿ ಒಳಕ್ಕೆ, ಹೊಸದನ್ನು ಮೆಟ್ಟಿಕೊಂಡು ಹೋದನಲ್ಲ, ಒಮ್ಮೆ ಮನೆಗೆ ಬಂದ ಬೋಕ್ಸುನಕ್ಕ ಅಭ್ಯಾಸಬಲದಿಂದ ತಿರುಗಿಸಲು ಬಗ್ಗಿದಾಗ ಅವಳ ಕೈಗೆ ಹೊಡೆದೆ, ಹೊರಕ್ಕೆ ತಿರುಗಿಸಿದರೆ ಕಳಿಸಿಕೊಟ್ಟ ಹಾಗೆ, ನಾನಿನ್ನೂ ಕಳಿಸಿಲ್ಲ, ಅವತ್ತು ಸಂಜೆಯಾಯಿತು, ಅಷ್ಟೇ, ಬೆಳಗಾಗಿಲ್ಲ — ಬಾಗಿಲು ಜರುಗಿತು, ಹಿರಿಯ ಮಾ ಅವರು, ಬನ್ನಿ ಟೀಚರಮ್ಮ, ಹೆದರ್ಬೇಡಿ, ಒಂದೇ ಮಾತು, ಚಪ್ಪಲಿ ಬಿಡಲು ಬಗ್ಗಿ ಪಟ್ಟಿ ಬಿಚ್ಚುತ್ತೇನೆ, ಹೌದೋ ಅಲ್ಲವೋ, ಅಲ್ಲ ಅಂದೆ, ನನ್ನದೇ ದನಿ, ಅಲ್ಲ ಹಿರಿಯರೇ, ಆ ದಿನ ಇನ್ನೂ ಮುಗಿದಿಲ್ಲ, ಒಳಗೆ ಯಾರೋ ಕೆಮ್ಮಿದರು, ಆರು ಜೊತೆ ಹೊರಕ್ಕೆ, ನನ್ನದು ಏಳನೆಯದು, ಸಂಜೆಯಾಯಿತು, ಸಂಜೆಯಾಯಿತು, ಮನೆ ಹೊಸ್ತಿಲಲ್ಲಿ ರಬ್ಬರ್ ಬೂಟು, ಮೂತಿ ಒಳಕ್ಕೆ