ಸಕ್ಕರೆ ಸುಡುವ ಕಬ್ಬಿಣ

ಎತೆಲ್ವಿನ ಮನೆ ಬಿಟ್ಟು ಹೋದದ್ದು ಈಸ್ಟರ್ ಹಬ್ಬದ ಮಾರನೆಯ ದಿನ. ಹಿಂದಿನ ದಿನ ಪಾದ್ರಿಗಳು ಶಿಲುಬೆ ಹಿಡಿದು ಮನೆಮನೆಗೆ ಬಂದಾಗ ಹೊಸ್ತಿಲ ಮುಂದೆ ಅವಳೇ ಹರಡಿದ್ದ ಹೂವಿನ ಎಸಳುಗಳು ಇನ್ನೂ ಪೂರ್ತಿ ಬಾಡಿರಲಿಲ್ಲ. ಅವುಗಳ ಮೇಲೆ ಕಾಲಿಟ್ಟುಕೊಂಡೇ, ಕೈಯಲ್ಲೊಂದು ಸೂಟ್‌ಕೇಸು ಹಿಡಿದು ಹೊರಗೆ ಬಂದಳು. ಜಗಳವಿಲ್ಲ, ಅಳುವಿಲ್ಲ. ಗಂಡ ಬೆಲ್ಮೀರು ಕುಲುಮೆಯಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಎಲ್ಲಿಗೆ?"

"ವಿಯಾನಕ್ಕೆ. ಅಲ್ಲೊಂದು ಹೋಟ್ಲಲ್ಲಿ ಬಟ್ಟೆ ಒಗೆಯೋ ಕೆಲಸ ಸಿಕ್ಕಿದೆ. ಸೂಪು ಒಲೆ ಮೇಲಿದೆ, ನಾಳೆಗೂ ಆಗತ್ತೆ."

"ಯಾವಾಗ ಬರ್ತೀಯ?"

"ಬರಲ್ಲ ಬೆಲ್ಮೀರು," ಎಂದಳು, ಪಕ್ಕದ ಮನೆಗೆ ಮೊಟ್ಟೆ ತರಲು ಹೊರಟವಳ ದನಿಯಲ್ಲಿ.

ಅವನು ಏನಾದರೂ ಅಂದಾನೆಂದು ಸ್ವಲ್ಪ ಹೊತ್ತು ನಿಂತಳು. ಕುಲುಮೆಯಲ್ಲಿ ಕಾಯಿಸಿಟ್ಟ ಸರಳು ಆರುತ್ತಿತ್ತು. ಅವನು ಒಳಗೆ ಹೋದ. ಬಡಿತ ನಿಲ್ಲಿಸಿ ಹೊರಗೆ ಬಂದಾಗ ಕಡಲ ದಡದ ಆ ಪಟ್ಟಣಕ್ಕೆ ಹೋಗುವ ಬಸ್ಸು ನದಿಯ ತಿರುವು ದಾಟಿತ್ತು.

ಊರಿನವರು ಬಾಯಿಗೆ ಬಂದದ್ದು ಆಡಿಕೊಂಡರು. ಹೆಂಡದಂಗಡಿಯಲ್ಲಿ ಯಾರೋ, "ಅಲ್ಲಿ ಯಾವನೋ ಬೆಸ್ತನ್ನ ಹಿಡಿದಿರಬೇಕು," ಎಂದ. ಬೆಲ್ಮೀರು ಲೋಟ ಕೆಳಗಿಟ್ಟು ಎದ್ದು ಬಂದ. ಅಂಥದ್ದೇನೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಏನು ಇತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ. ಅವನು ಹೊಡೆದವನಲ್ಲ, ಕುಡಿದು ಬಿದ್ದವನಲ್ಲ. ಆ ಸೀಮೆಯ ಅರ್ಧ ಮನೆಗಳ ಗೇಟು, ಕಿಟಕಿಯ ಸರಳು ಅವನ ಕೈಯವೇ. ಮಕ್ಕಳಾಗಲಿಲ್ಲ, ಅದಕ್ಕೂ ಅವಳನ್ನು ಒಂದು ಮಾತು ಅಂದವನಲ್ಲ. ನಿಜ ಹೇಳಬೇಕೆಂದರೆ, ಯಾವುದಕ್ಕೂ ಅವನು ಒಂದು ಮಾತು ಅಂದವನಲ್ಲ.

ವಾರದ ದಿನಗಳನ್ನು ಕೆಲಸ ನುಂಗುತ್ತಿತ್ತು. ಭಾನುವಾರ ಬಂತೆಂದರೆ ಎದೆಯ ಮೇಲೆ ಕಬ್ಬಿಣ ಬಡಿಯುವ ಅಡೆಗಲ್ಲು ಇಟ್ಟಂತೆ. ಭಾನುವಾರ ಆ ಮನೆಯಲ್ಲಿ ಲೈತ್-ಕ್ರೆಮ್ ಆಗುತ್ತಿತ್ತು. ಹಾಲು, ಮೊಟ್ಟೆಯ ಹಳದಿ, ಸಕ್ಕರೆ ಸೇರಿಸಿ ಎತೆಲ್ವಿನ ಗಟ್ಟಿಯಾಗುವವರೆಗೆ ಕಾಯಿಸಿ, ಅಗಲವಾದ ಮಣ್ಣಿನ ತಟ್ಟೆಗೆ ಸುರಿದು ಆರಲು ಬಿಡುತ್ತಿದ್ದಳು. ಆಮೇಲಿನದು ಬೆಲ್ಮೀರುವಿನ ಕೆಲಸ. ಮದುವೆಯಾದ ಹೊಸತರಲ್ಲಿ ಅವನೇ ಒಂದು ಕಬ್ಬಿಣ ಮಾಡಿದ್ದ, ಉದ್ದ ಹಿಡಿ, ತುದಿಯಲ್ಲಿ ಅಂಗೈಯಗಲದ ಬಿಲ್ಲೆ. ಅದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಮೇಲೆ ಉದುರಿಸಿದ ಸಕ್ಕರೆಗೆ ಒತ್ತಬೇಕು. ಸುಂಯ್ ಅಂದು ಹೊಗೆಯೇಳುತ್ತಿತ್ತು, ಸಕ್ಕರೆ ಕರಗಿ ಕಂದು ಗಾಜಿನಂತಾಗುತ್ತಿತ್ತು. "ಸಾಕು, ತೆಗಿ," ಎನ್ನುತ್ತಿದ್ದಳು. ತೆಗೆಯುತ್ತಿದ್ದ. ಅಷ್ಟೇ ಮಾತು. ಅಷ್ಟರಲ್ಲೇ ಇಬ್ಬರೂ ಬೇಕಾದಷ್ಟು ಮಾತಾಡಿಕೊಂಡಂತೆ ಅವನಿಗೆ ಅನಿಸುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ, ಚರ್ಚಿನಿಂದ ಬಂದವನೇ ಕೋಟು ಕೂಡ ಬಿಚ್ಚದೆ ಹಾಲನ್ನು ಒಲೆಗಿಟ್ಟ. ಕುದಿಯುವ ಹಾಲಿಗೆ ಮೊಟ್ಟೆ ಒಡೆದು ಸುರಿದ. ಅದು ನೋಡನೋಡುತ್ತಲೇ ಗಂಟುಗಂಟಾಯಿತು. ಪಾತ್ರೆಯನ್ನು ಹಿತ್ತಲಿಗೆ ತಂದು ಚೆಲ್ಲುವಾಗ ಕಲ್ಲುಗೋಡೆಯಾಚೆಯಿಂದ ನೆರೆಮನೆಯ ಜುಲ್ಮೀರ ಇಣುಕಿದಳು. ವಿಧವೆ, ಬಾಯಿ ಚುರುಕು, ಕೋಳಿ ಸಾಕಿಕೊಂಡಿದ್ದವಳು.

"ಏನದು, ನನ್ನ ಕೋಳಿಗೆ ಹಾಕ್ತಿದ್ದೀಯಾ?"

"ಲೈತ್-ಕ್ರೆಮ್."

"ಹಾಗಂತ ಅದಕ್ಕೆ ಗೊತ್ತಾ?" ಎಂದು ಗೋಡೆ ಬಳಸಿ ಬಂದು ಪಾತ್ರೆಯನ್ನು ಮೂಸಿದಳು. "ಅಯ್ಯೋ ಪುಣ್ಯಾತ್ಮ, ಮೊಟ್ಟೆ ಬಿಸಿಹಾಲಿಗೆ ಹಾಕಿದ್ಯಾ? ನಿನ್ನ ಕುಲುಮೇಲಿ ಕಾದ ಕಬ್ಬಿಣಾನ ಥಟ್ಟಂತ ನೀರಿಗೆ ಅದ್ದಿದ್ರೆ ಏನಾಗತ್ತೆ?"

"ಸೀಳು ಬಿಡತ್ತೆ."

"ಮತ್ತೆ? ಇದೂ ಹಾಗೇ. ನಡಿ ಒಳಗೆ."

ಅವಳು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಿದಳು, ಅವನು ಕೈಯಲ್ಲಿ ಮಾಡಿದ. ಹಳದಿಗೆ ಸಕ್ಕರೆ, ಚೂರು ಹಿಟ್ಟು, ತಣ್ಣನೆ ಹಾಲು. ಗಂಟಿಲ್ಲದ ಹಾಗೆ ಕಲಸು. ಆಮೇಲೆ ನಿಂಬೆ ಸಿಪ್ಪೆ, ಚಕ್ಕೆ ಹಾಕಿ ಕಾಯಿಸಿದ ಹಾಲನ್ನು ಎಳೆ ಎಳೆಯಾಗಿ ಬಿಡು. ಉರಿ ಸಣ್ಣಗಿರಲಿ. "ಮೆಲ್ಲಗೆ ಮಾರಾಯ, ಅದು ಸುತ್ತಿಗೆ ಅಲ್ಲ, ಸೌಟು," ಎಂದು ನಡುವೆ ಗದರುತ್ತಿದ್ದಳು. ಆವತ್ತು ತಳ ಹಿಡಿಯಿತು. ಮುಂದಿನ ವಾರ ನೀರಾಯಿತು.

ದ್ರಾಕ್ಷಿ ಚಪ್ಪರ ದಟ್ಟವಾಗುವ ಹೊತ್ತಿಗೆ ಒಂದು ಭಾನುವಾರ ಸರಿಯಾಗಿ ಬಂತು. ಜುಲ್ಮೀರ ತಂಗಿಯ ಮನೆಗೆ ಹೋಗಿದ್ದಳು. ಬೆಲ್ಮೀರು ತಾನೇ ಸಕ್ಕರೆ ಉದುರಿಸಿ, ತಾನೇ ಕಬ್ಬಿಣ ಒತ್ತಿ, ತಾನೇ ತೆಗೆದ. ಚಮಚದಿಂದ ಮೇಲಿನ ಪದರ ಒಡೆದು ಬಾಯಿಗಿಟ್ಟ. ಅವಳು ಮಾಡುತ್ತಿದ್ದ ರುಚಿಯೇ. ಕೆಟ್ಟಾಗ ಇಲ್ಲದ ದುಃಖ ಈಗ ಉಕ್ಕಿ ಬಂತು. ಚಮಚವನ್ನು ಕೆಳಗಿಟ್ಟ. ಇಡೀ ತಟ್ಟೆ ಎದುರಿಗಿತ್ತು, ಎದುರಿನ ಕುರ್ಚಿ ಖಾಲಿಯಿತ್ತು.

ಮರುವಾರ ಅವನು ನಸುಕಿಗೇ ಎದ್ದು ಮಾಡಿದ. ಮೇಲೆ ಇನ್ನೂ ಸಕ್ಕರೆ ಸುಡದ ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ, ಸಕ್ಕರೆಯನ್ನು ಪೊಟ್ಟಣ ಮಾಡಿ, ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ ವಿಯಾನದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ತಟ್ಟೆಯನ್ನು ಮಡಿಲಲ್ಲಿ ಕೂಸಿನಂತೆ ಹಿಡಿದುಕೊಂಡಿದ್ದ.

ಹೋಟೆಲುಗಳಲ್ಲಿ ವಿಚಾರಿಸಿಕೊಂಡು ಹೋದ. ಎತೆಲ್ವಿನಳ ಕೋಣೆ ಮೀನುದೋಣಿಗಳ ಕಟ್ಟೆಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿತ್ತು. ಬಾಗಿಲು ತೆರೆದವಳು ಅವನನ್ನೂ ಗಂಟನ್ನೂ ನೋಡಿದಳು. ಕೂದಲು ಗಿಡ್ಡ ಮಾಡಿಸಿದ್ದಳು. ಸೋಪಿನ ನೀರಿಗೆ ಕೈಗಳು ಬಿಳಿಚಿದ್ದವು.

"ಬಾ," ಎಂದಳು. "ಗೋಣೀಲೇನು?"

"ಕಬ್ಬಿಣ."

ಒಂದು ಮಂಚ, ಒಂದು ಮೇಜು, ಒಂದೇ ಕುರ್ಚಿ, ಮೂಲೆಯಲ್ಲಿ ಗ್ಯಾಸಿನ ಒಲೆ. ಅವಳು ಗಂಟು ಬಿಚ್ಚಿ ಬೆರಳ ತುದಿಯಿಂದ ಅಂಚನ್ನು ಮುಟ್ಟಿ ನೋಡಿದಳು.

"ಯಾರು ಮಾಡಿದ್ದು? ಜುಲ್ಮೀರನಾ?"

"ನಾನು."

"ನೀನಾ?" ಅವಳ ಮುಖದಲ್ಲಿ ನಗು ಬಂದು ಹೋಯಿತು. "ಚೆನ್ನಾಗಿ ಕೂತಿದೆ."

ಗ್ಯಾಸಿನ ಉರಿಗೆ ಕಬ್ಬಿಣ ಬೇಗ ಕಾಯಲಿಲ್ಲ. ಅವನು ಹಿಡಿ ಹಿಡಿದು ಒಲೆಯ ಮುಂದೆ ನಿಂತ. ಅವಳು ಮಂಚದ ಮೇಲೆ ಕೂತಳು. ಕಿಟಕಿಯಾಚೆ ಕಡಲಹಕ್ಕಿಗಳು ಕಿರುಚುತ್ತಿದ್ದವು.

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದಳು. "ನಂಗೆ ಸಿಹಿ ಸೇರಲ್ಲ."

ಅವನು ತಿರುಗಿ ನೋಡಿದ.

"ಯಾವತ್ತೂ ಸೇರಲ್ಲ. ಒಂದು ಚಮಚ ತಿಂದು ಉಳಿದಿದ್ದನ್ನ ನಿನ್ನ ತಟ್ಟೆಗೆ ಹಾಕ್ತಿದ್ದೆ. ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ಯಾ?"

"ನಾನದನ್ನ ಪ್ರೀತಿ ಅಂದ್ಕೊಂಡಿದ್ದೆ."

"ಅದೂ ಇತ್ತು," ಎಂದಳು. "ಇಲ್ಲ ಅನ್ನಲ್ಲ."

"ಮತ್ತೆ ಏನು ಸೇರತ್ತೆ ನಿಂಗೆ?"

ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡವನು ಕೇಳುವ ಪ್ರಶ್ನೆಯೇ ಅದು?

"ಸುಟ್ಟ ಮತ್ತಿ ಮೀನು, ಮೆಕ್ಕೆಜೋಳದ ರೊಟ್ಟಿ ಮೇಲಿಟ್ಟು, ಕೈಯಲ್ಲೇ ತಿನ್ನೋದು. ಇಲ್ಲಿ ದಿನಾ ಸಿಗತ್ತೆ."

ಕಬ್ಬಿಣ ಕೆಂಪಾಯಿತು. ಹೊತ್ತು ತಂದದ್ದಾಗಿತ್ತು, ಏನು ಮಾಡುವುದು? ಸಕ್ಕರೆ ಉದುರಿಸಿ ಒತ್ತಿದ. ಪುಟ್ಟ ಕೋಣೆಯ ತುಂಬ ಹೊಗೆ ತುಂಬಿತು. ಯಾರೋ ಕೆಮ್ಮುತ್ತ ಮೆಟ್ಟಿಲು ಹತ್ತಿ ಬಂದರು. ಮನೆಯೊಡತಿ ದೋನಾ ಕಾಸಿಲ್ದ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದಿದ್ದಳು.

"ಮನೆಗೆ ಬೆಂಕಿ ಇಟ್ರೇನ್ರೇ?" ಎಂದವಳು ಮೇಜಿನ ಮೇಲಿನ ತಟ್ಟೆ ಕಂಡು ದನಿ ತಗ್ಗಿಸಿದಳು. "ಓಹೋ. ಇದಕ್ಕಾದ್ರೆ ಇಡಬಹುದು ಬಿಡಿ."

ಅವಳು ಹೇಳಿಸಿಕೊಳ್ಳದೆ ಕುರ್ಚಿ ಎಳೆದು ಕೂತಳು. ಎರಡು ಸಲ ಹಾಕಿಸಿಕೊಂಡು ತಿಂದಳು. ತನ್ನ ಅಮ್ಮನ ನೆನಪಾಯಿತೆಂದು ಕಣ್ಣೊರೆಸಿಕೊಂಡಳು. ಕೊನೆಗೆ ಬೆಲ್ಮೀರುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರು ಅಣ್ಣನಾ ನಿಂಗೆ?" ಎಂದಳು.

"ಗಂಡ."

"ಗಂಡ ಇದ್ದಾನೆ ಅಂತ ಹೇಳಲೇ ಇಲ್ವಲ್ಲೇ ನೀನು."

"ಯಾರೂ ಕೇಳಲಿಲ್ಲ," ಎಂದಳು ಎತೆಲ್ವಿನ.

ಸಂಜೆ ಅವಳು ಬಸ್ಸಿನವರೆಗೆ ಜೊತೆಗೆ ಬಂದಳು. ನದಿ ಕಡಲಿಗೆ ಸೇರುವಲ್ಲಿ ನೀರು ತಾಮ್ರದ ತಗಡಿನಂತಿತ್ತು. ಬಸ್ಸಿನ ಬಾಗಿಲಲ್ಲಿ ಅವನು ಧೈರ್ಯ ಕೂಡಿಸಿಕೊಂಡು ಹೇಳಿದ.

"ಮನೆಗೆ ಬಾ, ಎತೆಲ್ವಿನ."

"ಬರಲ್ಲ ಅಂದ್ನಲ್ಲ."

"ಆವತ್ತೇ ಹೋಗಬೇಡ ಅಂದಿದ್ರೆ ನಿಲ್ತಿದ್ಯಾ?"

ಅವಳು ಯೋಚಿಸಿ ಉತ್ತರ ಕೊಟ್ಟಳು. "ಒಂದು ವಾರ ನಿಲ್ತಿದ್ದೆನೇನೋ. ನೋಡು, ಇಲ್ಲಿ ಕೋಣೇಲಿ ಯಾರೂ ಇಲ್ಲ, ಅದಕ್ಕೇ ಮಾತಿಲ್ಲ. ಅಲ್ಲಿ ನೀನಿದ್ದೂ ಮಾತಿರಲಿಲ್ಲ. ಇದು ತಡ್ಕೊಳ್ಳೋಕೆ ಸುಲಭ." ಆಮೇಲೆ ಅವನ ಕೋಟಿನ ಕಾಲರು ಸರಿಮಾಡಿದಳು. "ಯಾವಾಗಲಾದ್ರೂ ಬಾ. ಏನೂ ತರಬೇಡ. ಏನಾದ್ರೂ ಮಾತಾಡೋದಿದ್ರೆ ಬಾ."

ಬಸ್ಸು ಹೊರಟಾಗ ಅವಳು ಕೈ ಬೀಸಿದಳು, ತಿರುಗಿ ನೋಡದೆ ಕಟ್ಟೆಯ ಕಡೆ ನಡೆದಳು.

ಮುಂದಿನ ನಿಲ್ದಾಣದಲ್ಲಿ ಬಾತುಕೋಳಿಯ ಬುಟ್ಟಿ ಹಿಡಿದ ಒಬ್ಬ ಮುದುಕಿ ಹತ್ತಿ ಪಕ್ಕದಲ್ಲಿ ಕೂತಳು.

"ಊರಿಗಾ?" ಎಂದಳು.

"ಹೂಂ, ಹೆಂಡ್ತೀನ ನೋಡ್ಕೊಂಡು ಬಂದೆ," ಎಂದ ಬೆಲ್ಮೀರು. ಅಲ್ಲಿಗೇ ನಿಲ್ಲಬೇಕಿದ್ದ ಮಾತು ನಿಲ್ಲಲಿಲ್ಲ. ಅವಳು ಕೂದಲು ಗಿಡ್ಡ ಮಾಡಿಸಿದ್ದಾಳೆ, ಚೆನ್ನಾಗಿ ಕಾಣುತ್ತೆ, ಅದನ್ನ ಹೇಳೋಕೆ ಮರೆತೆ ಎಂದ. ಹುಡುಗಿಯಾಗಿದ್ದಾಗ ಮೆಕ್ಕೆಜೋಳ ಸುಲಿಯೋ ಕಣದಲ್ಲಿ ಕೆಂಪು ತೆನೆ ಅವಳ ಕೈಗೇ ಸಿಕ್ಕಿತ್ತು, ಸಿಕ್ಕವರು ಎಲ್ಲರಿಗೂ ಮುತ್ತು ಕೊಡಬೇಕು, ನನ್ನ ಹತ್ತಿರ ಬಂದಾಗ ನಕ್ಕುಬಿಟ್ಟಳು ಎಂದ. ಮಗು ಆಗಲಿಲ್ಲ ಅಂತ ಅವಳು ಹಿತ್ತಲಲ್ಲಿ ಅಳ್ತಿದ್ದದ್ದು ನಂಗೆ ಕೇಳ್ತಿತ್ತು, ಬಡಿತ ಜೋರು ಮಾಡ್ತಿದ್ದೆ, ನಂಗೂ ಅಳು ಬರ್ತಿತ್ತು ಎಂದ. ತನ್ನ ಬಾಯಿಂದಲೇ ಬರುತ್ತಿದೆಯೆಂದು ಅವನಿಗೆ ನಂಬಲಾಗಲಿಲ್ಲ.

ಮುದುಕಿಯ ತಲೆ ಆಗಲೇ ಸೀಟಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಬುಟ್ಟಿಯೊಳಗಿನ ಬಾತು ಮಾತ್ರ ಕತ್ತು ಚಾಚಿ ನೋಡುತ್ತಿತ್ತು. ಬೆಲ್ಮೀರು ಅವಳ ನಿದ್ದೆ ಕೆಡದಂತೆ ದನಿ ತಗ್ಗಿಸಿದ, ಆದರೆ ನಿಲ್ಲಿಸಲಿಲ್ಲ. ಊರು ಬರುವವರೆಗೂ ಹೇಳುತ್ತಲೇ ಇದ್ದ.